ಶಾಣ್ಯಾ (ಚುರುಕು) ಮಗಳಿಗೆ ಬೆಂಗಳೂರಿನ ಶಾಲೆಗಳು: ನೋಡಿದವು, ಬಿಟ್ಟವು, ಸೇರಿಸಿದ್ದು

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಖಾಸಗಿ ಶಾಲೆಗಳ ಹೆಸರಿಲ್ಲ. ಸೇರಿಸಿದ ಶಾಲೆಯ ಹೆಸರೂ ಇಲ್ಲ. ಅದರ ಮೇಲೂ ನನಗೆ ದೂರುಗಳಿವೆ, ಮಗಳು ಇನ್ನೂ ಅಲ್ಲೇ ಓದುತ್ತಿದ್ದಾಳೆ. ಹೆಸರಿಲ್ಲದ ವಿಮರ್ಶೆ ಯಾರಿಗೆ ಬೇಕು ಅಂತ ಕೇಳಬಹುದು. ಆದರೆ ಈ ನಮೂನೆಯ ಶಾಲೆಗಳು ಬೆಂಗಳೂರಿನ ಎಲ್ಲ ಏರಿಯಾದಲ್ಲೂ ಇವೆ. ಬೋರ್ಡ್ ಬೇರೆ ಬೇರೆ, ಒಳಗೆ ಆಡುವ ಮಾತು ಒಂದೇ. ನಿಮ್ಮ ಏರಿಯಾದಲ್ಲಿ ಯಾವುದು ಯಾವ ನಮೂನೆ ಅಂತ ಗೇಟ್ ದಾಟಿದ ಸ್ವಲ್ಪ ಹೊತ್ತಿಗೇ ಗೊತ್ತಾಗುತ್ತೆ.

ನಮ್ಮ ಯಜಮಾನರಿಗೆ ಬ್ಯಾಂಕಿನಲ್ಲಿ ವರ್ಗ ಆಯಿತು. ಧಾರವಾಡ ಬಿಟ್ಟು ಬನಶಂಕರಿ ಕಡೆ ಬಾಡಿಗೆ ಮನೆ ಹಿಡಿದೆವು. ಮಗಳು ನಾಲ್ಕನೇ ಕ್ಲಾಸ್ ಮುಗಿಸಿದ್ದಳು. ಅವಳು ಮಾರ್ಕ್ಸ್‌ನಲ್ಲಿ ಮೊದಲು ಬರುವ ಹುಡುಗಿ ಅಲ್ಲ, ಅದನ್ನು ಮೊದಲು ತಿಳಿಸಬೇಕು. ಅಕ್ಷರ ಕೋಳಿ ಕಾಲು. ಹೋಮ್‌ವರ್ಕ್ ಅರ್ಧಕ್ಕೆ ಬಿಡುತ್ತಾಳೆ. ಆದರೆ ಬೆಸ ಸಂಖ್ಯೆಗಳನ್ನು ಒಂದರಿಂದ ಸಾಲಾಗಿ ಕೂಡಿಸುತ್ತ ಹೋದರೆ ಪ್ರತಿ ಸಲವೂ ವರ್ಗ ಸಂಖ್ಯೆಯೇ ಬರುತ್ತೆ ಅಂತ ಯಾರೂ ಹೇಳದೆ ತಾನೇ ಕಂಡುಕೊಂಡಿದ್ದಳು. ಯಾಕೆ ಹಾಗಾಗುತ್ತೆ ಅಂತ ಅಡುಗೆಮನೆ ನೆಲದ ಮೇಲೆ ಕಡಲೆಬೇಳೆ ಜೋಡಿಸಿ ನಮ್ಮತ್ತೆಗೆ ತೋರಿಸಿದ್ದಳು. ಕನ್ನಡವಂತೂ ಕೈಗೆ ಸಿಕ್ಕಿದ್ದೆಲ್ಲ ಓದುತ್ತಾಳೆ, ದೊಡ್ಡವರ ಕಾದಂಬರಿಯನ್ನೂ ಬಿಡುವುದಿಲ್ಲ. ಧಾರವಾಡದ ಮಿಸ್ ಒಬ್ಬರು "ಭಾಳ ಶಾಣ್ಯಾ ಅದಾಳ್ರಿ, ಆದ್ರ ಕ್ಲಾಸಿನಾಗ ಇರಂಗಿಲ್ಲ" ಅಂದಿದ್ದರು. ದೇಹ ಕ್ಲಾಸಲ್ಲಿ, ತಲೆ ಎಲ್ಲೋ. ಇಂಥ ಮಕ್ಕಳ ತಂದೆ ತಾಯಿಗೆ ಇದು ಗೊತ್ತಿರುತ್ತೆ, ಅಲ್ವಾ?

ವರ್ಗ ಆಗುವ ಮುಂಚೆ ಮನಶ್ಶಾಸ್ತ್ರಜ್ಞರೊಬ್ಬರ ಹತ್ತಿರ ಪರೀಕ್ಷೆ ಮಾಡಿಸಿದ್ದೆವು. ಮಾಡಿದ್ದು ಬಿನೆ-ಕಾಮತ್ ಟೆಸ್ಟ್, ಬುದ್ಧಿಮತ್ತೆ ಅಳೆಯುವುದು. ಇದು ಹೊರದೇಶದ ಬಿನೆ ಪರೀಕ್ಷೆಯನ್ನು ವಿ.ವಿ. ಕಾಮತ್ ಅವರು 1930ರ ದಶಕದಲ್ಲಿ ಕನ್ನಡ, ಮರಾಠಿ ಮಕ್ಕಳಿಗೆ ಹೊಂದಿಸಿ ಮಾಡಿದ್ದು. ಇವತ್ತಿಗೂ ನಮ್ಮ ಕಡೆ ಬಳಕೆಯಲ್ಲಿದೆ. ಕನ್ನಡದಲ್ಲೇ ಕೇಳಿದ್ದರಿಂದ ಅವಳು ಖುಷಿಯಾಗಿ ಉತ್ತರ ಹೇಳಿದಳು. ಪರೀಕ್ಷೆ ಅಂತಲೇ ಅನ್ನಿಸಲಿಲ್ಲವಂತೆ. ವರದಿಯಲ್ಲಿ ದೊಡ್ಡ ನಂಬರ್ ಬಂತು. ಆ ವರದಿ ಬೆಂಗಳೂರಲ್ಲಿ ಉಪಯೋಗಕ್ಕೆ ಬಂತಾ? ಇಲ್ಲ ಅಂತಲೇ ಹೇಳಬೇಕು. ಕೆಲವರು ಓದದೆ ವಾಪಸ್ ಕೊಟ್ಟರು. ಕೆಲವರು ನಂಬರ್ ಮಾತ್ರ ನೋಡಿ ಕಣ್ಣರಳಿಸಿದರು, ಅದು ಇನ್ನೂ ಕೆಟ್ಟದ್ದು. ಇಂಥ ಮಗುವಿಗೆ ಇಂಥದ್ದು ಮಾಡಲೇಬೇಕು ಅಂತ ಶಾಲೆಯನ್ನು ಕಟ್ಟಿಹಾಕುವ ಕಾನೂನು ನಮ್ಮಲ್ಲಿ ಇಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ವಿಶೇಷ ಪ್ರತಿಭೆಯ ಮಕ್ಕಳ ಬಗ್ಗೆ ಕೆಲವು ಪ್ಯಾರಾಗಳಿವೆ, ಕ್ಲಬ್ ಮಾಡಿ, ಒಲಿಂಪಿಯಾಡ್ ನಡೆಸಿ, ಶಿಕ್ಷಕರಿಗೆ ತರಬೇತಿ ಕೊಡಿ ಅಂತ. ಓದಲು ಚೆನ್ನಾಗಿದೆ. ಅಡ್ಮಿಷನ್ ಕೌಂಟರ್‌ನಲ್ಲಿ ಕೂತವರಿಗೆ ಅದರ ಸುದ್ದಿಯೇ ಇಲ್ಲ.

ಪುಣೆಯಲ್ಲಿ ಜ್ಞಾನಪ್ರಬೋಧಿನಿ ಇದೆ. 1962ರಲ್ಲಿ ಶುರುವಾದ ಸಂಸ್ಥೆ. ಬುದ್ಧಿವಂತ ಮಕ್ಕಳಿಗೆಂದೇ ಶಾಲೆ ನಡೆಸುತ್ತಾರೆ, ಐದನೇ ತರಗತಿಗೆ ಪರೀಕ್ಷೆ ಮಾಡಿ ತಗೊಳ್ಳುತ್ತಾರೆ. ಧಾರವಾಡ, ಬೆಳಗಾವಿ ಕಡೆಯವರಿಗೆ ಈ ಹೆಸರು ಹೊಸದಲ್ಲ. ವರ್ಗ ಪುಣೆಗೆ ಆಗಿದ್ದರೆ ಈ ಬರಹವೇ ಬೇಕಿರಲಿಲ್ಲ. ಬೆಂಗಳೂರಲ್ಲಿ ಐಐಎಸ್‌ಸಿ ಆವರಣದ ನಿಯಾಸ್ (ರಾಷ್ಟ್ರೀಯ ಉನ್ನತ ಅಧ್ಯಯನ) ಸಂಸ್ಥೆಯವರು ಇಂಥ ಮಕ್ಕಳ ಶಿಕ್ಷಣದ ಬಗ್ಗೆ ವರ್ಷಗಟ್ಟಲೆ ಸಂಶೋಧನೆ ಮಾಡಿದ್ದಾರೆ. ಆದರೆ ಸಂಶೋಧನೆ ಬೇರೆ, ನಮ್ಮ ಮನೆಯಿಂದ ಹೋಗಿಬರುವಷ್ಟು ದೂರದಲ್ಲಿ ಬ್ಯಾಗ್ ಹಾಕಿಕೊಂಡು ಹೋಗುವ ಶಾಲೆ ಬೇರೆ. ಅದಕ್ಕೇ ನಾನು ಹೋದಲ್ಲೆಲ್ಲ ಒಂದೇ ಪ್ರಶ್ನೆ ಕೇಳಿದೆ: ಕ್ಲಾಸಿಗೆಲ್ಲ ಕೊಟ್ಟ ಲೆಕ್ಕವನ್ನು ಒಂದು ಮಗು ಬೇಗ ಮುಗಿಸಿಬಿಟ್ಟರೆ, ಉಳಿದ ಹೊತ್ತು ಅದು ಏನು ಮಾಡುತ್ತೆ? ಲ್ಯಾಬ್ ಎಷ್ಟಿವೆ, ಸ್ಮಾರ್ಟ್ ಬೋರ್ಡ್ ಇದೆಯಾ, ಹಿಂದಿನ ವರ್ಷ ರ‍್ಯಾಂಕ್ ಎಷ್ಟು ಬಂತು, ಇದ್ಯಾವುದನ್ನೂ ಕೇಳಲಿಲ್ಲ. ಧಾರವಾಡದಲ್ಲಿ ನನ್ನ ಮಗಳನ್ನು ಇದನ್ನೇ ಕೇಳಿದಾಗ ಅವಳು ಹೇಳಿದ್ದು, "ಸುಮ್ನ ಕೂಡ್ತೀನಿ. ಮಿಸ್ ಸುಮ್ನ ಕೂಡು ಅಂದಾರ." ದಿನಕ್ಕೆ ಅರ್ಧ ಹೊತ್ತು ಸುಮ್ನೆ ಕೂಡುವುದೇ ಅವಳ ಶಾಲೆ ಆಗಿತ್ತು.

ಮೊದಲ ನಮೂನೆ, ಫೌಂಡೇಷನ್ ಶಾಲೆ. ದೊಡ್ಡ ಬಿಲ್ಡಿಂಗ್, ಗೇಟಿನ ಮೇಲೆ ರ‍್ಯಾಂಕ್ ಬಂದವರ ಫೋಟೋ ಫ್ಲೆಕ್ಸ್. ಆರನೇ ಕ್ಲಾಸಿನಿಂದ ಐಐಟಿ ಫೌಂಡೇಷನ್ (ಐಐಟಿ ಪ್ರವೇಶ ಪರೀಕ್ಷೆಗೆ ಈಗಿನಿಂದಲೇ ಕೋಚಿಂಗ್), ಐದಕ್ಕೆ ಅದರ ತಯಾರಿ. ನನ್ನ ಪ್ರಶ್ನೆಗೆ ಅಲ್ಲಿನ ಕೋಆರ್ಡಿನೇಟರ್ ನಕ್ಕುಬಿಟ್ಟರು. "ಮುಗಿಸೋಕೆ ಚಾನ್ಸೇ ಇಲ್ಲ ಮ್ಯಾಮ್, ನಾವು ಅಷ್ಟು ವರ್ಕ್‌ಶೀಟ್ ಕೊಡ್ತೀವಿ." ಅವರು ಇದನ್ನು ಹೆಮ್ಮೆಯಿಂದಲೇ ಹೇಳಿದ್ದು. ಒಂದು ವರ್ಕ್‌ಶೀಟ್ ತೋರಿಸಿದರು. ಒಂದೇ ಥರದ ಭಿನ್ನರಾಶಿ ಲೆಕ್ಕ, ಪುಟದ ತುಂಬ. ಬೇಗ ಮುಗಿಸಿದವರಿಗೆ ಅದೇ ಥರದ ಇನ್ನೊಂದು ಪುಟ. ಅಂದರೆ ಬೇಗ ಮಾಡಿದ್ದಕ್ಕೆ ಶಿಕ್ಷೆ. ಇಂಥ ಮಕ್ಕಳು ಇದನ್ನು ಒಂದೇ ವಾರದಲ್ಲಿ ಪತ್ತೆ ಹಚ್ಚಿ ನಿಧಾನ ಮಾಡುವುದನ್ನು ಕಲಿತುಬಿಡುತ್ತವೆ.

ಅಲ್ಲಿನ ಇನ್ನೊಂದು ಆಕರ್ಷಣೆ ಒಲಿಂಪಿಯಾಡ್ ಮೆಡಲ್‌ಗಳು. ಗಾಜಿನ ಬೀರು ತುಂಬ ಇದ್ದವು. ಹೊಸದಾಗಿ ಬಂದವರು ಇಲ್ಲಿ ಸ್ವಲ್ಪ ಹುಷಾರಾಗಿರಬೇಕು. ಒಂದನೇ ಕ್ಲಾಸಿನಿಂದಲೇ ಶಾಲೆಯ ಮೂಲಕ ಫೀಸ್ ಕಟ್ಟಿಸಿಕೊಂಡು ನಡೆಸುವ 'ಒಲಿಂಪಿಯಾಡ್'ಗಳು ಖಾಸಗಿ ಕಂಪನಿಗಳವು. ದೇಶದ ತಂಡವನ್ನು ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡ್‌ಗೆ ಕಳಿಸುವ ದಾರಿ ಬೇರೆಯೇ ಇದೆ, ಅದರ ಕೇಂದ್ರ ಮುಂಬೈನ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರ. ಆ ದಾರಿಯ ಮೊದಲ ಮೆಟ್ಟಿಲು ಐಒಕ್ಯೂಎಂ ಪರೀಕ್ಷೆ. ಮೂರು ಗಂಟೆ, 30 ಪ್ರಶ್ನೆ, ನಾಲ್ಕು ಆಯ್ಕೆ ಇರುವುದಿಲ್ಲ, ಉತ್ತರವೆಲ್ಲ ಸಂಖ್ಯೆಯಲ್ಲೇ. ಬರೆಯುವವರು ಹೈಸ್ಕೂಲ್, ಪಿಯು ಮಕ್ಕಳು. ಐದನೇ ಕ್ಲಾಸಿನ ಮಗುವಿನ ಕೊರಳಿಗೆ ಬೀಳುವ ಮೆಡಲ್‌ಗೂ ಅದಕ್ಕೂ ಸಂಬಂಧ ಇಲ್ಲ. ಖಾಸಗಿ ಪರೀಕ್ಷೆ ಬರೆಸಬಾರದು ಅಂತಲ್ಲ, ಕೆಲವು ಪ್ರಶ್ನೆಗಳು ಮಜವಾಗಿರುತ್ತವೆ, ನನ್ನ ಮಗಳೂ ಬರೆದಿದ್ದಾಳೆ. ಆದರೆ ಅದನ್ನು ನೋಡಿ ಶಾಲೆ ಆರಿಸಬೇಡಿ. ಐದಕ್ಕೆ ಒಂದು ಸ್ಟಾರ್, ಅದೂ ಕ್ಯಾಂಟೀನಿನ ಇಡ್ಲಿಗೆ.

ಎರಡನೇ ನಮೂನೆ ಇಂಟರ್‌ನ್ಯಾಷನಲ್. ಕನಕಪುರ ರಸ್ತೆ ಕಡೆ ಇಂಥವು ಸಾಲಾಗಿವೆ. ಈಜುಕೊಳ ತೋರಿಸಿದರು, ಕುದುರೆ ತೋರಿಸಿದರು, ಪಾಟರಿ ರೂಮ್ ತೋರಿಸಿದರು. ಮಗಳಿಗೆ ಕುದುರೆ ತುಂಬ ಇಷ್ಟವಾಯಿತು, ಅದನ್ನು ಮುಚ್ಚಿಡುವುದಿಲ್ಲ. ನನ್ನ ಪ್ರಶ್ನೆ ಕೇಳಿದ ಕೂಡಲೇ ಕೌನ್ಸೆಲರ್ ಮೇಡಂ ಮೆಲ್ಲಗೆ ಕೈ ಜೋಡಿಸಿ, ನಮ್ಮಲ್ಲಿ ಎಲ್ಲ ಮಕ್ಕಳೂ ಪ್ರತಿಭಾವಂತರೇ ಅಂದರು. ಸರಿ, ಒಪ್ಪಿದೆ. ಆದರೆ ಲೆಕ್ಕ ಮುಗಿದ ಮೇಲೆ ಏನು ಮಾಡುತ್ತಾರೆ? ಮತ್ತೆ ಕೇಳಿದೆ. ಅದಕ್ಕೆ ಪ್ರಾಜೆಕ್ಟ್ ಇದೆ, ಪ್ರೆಸೆಂಟೇಷನ್ ಇದೆ, ಅಂತ ಏನೇನೋ ಬಂತು, ಉತ್ತರ ಬರಲಿಲ್ಲ. ಒಂದು ಮಾತು ಮಾತ್ರ ಅವರ ಪರವಾಗಿ ಹೇಳಬೇಕು. ಅಲ್ಲಿನ ಲೈಬ್ರರಿ ನಿಜಕ್ಕೂ ಲೈಬ್ರರಿ. ಮಕ್ಕಳು ನೆಲದ ಮೇಲೆ ಬಿದ್ದುಕೊಂಡು ಓದುತ್ತಿದ್ದರು, ಯಾರೂ ಗದರುತ್ತಿರಲಿಲ್ಲ.

ಅಲ್ಲಿ ನಾವು ಬಿಟ್ಟಿದ್ದು ಫೀಸಿನಿಂದ ಮಾತ್ರ ಅಲ್ಲ, ಕನ್ನಡದಿಂದ. ರಾಜ್ಯದಲ್ಲಿ 2015ರ ಕನ್ನಡ ಕಲಿಕಾ ಕಾಯ್ದೆ ಇದೆ, ಯಾವ ಬೋರ್ಡ್ ಆದರೂ ಕನ್ನಡ ಕಲಿಸಬೇಕು. ಅವರೂ ಕಲಿಸುತ್ತಾರೆ. ಐದನೇ ಕ್ಲಾಸಿನ ಕನ್ನಡ ಪೀರಿಯಡ್‌ನಲ್ಲಿ ನನ್ನ ಮಗಳನ್ನು ಕೂಡಿಸಿದರು, ನಾನು ಬಾಗಿಲ ಹತ್ತಿರ ನಿಂತಿದ್ದೆ. ಮಿಸ್ ಬೋರ್ಡ್ ಮೇಲೆ ಕಾಗುಣಿತ ಬರೆಸುತ್ತಿದ್ದರು. ಹೊರ ರಾಜ್ಯದಿಂದ ಬಂದ ಮಕ್ಕಳೇ ಜಾಸ್ತಿ, ಅವರಿಗೆ ಬೇಕಾದ್ದು ಅದೇ, ಮಿಸ್ ಚೆನ್ನಾಗಿಯೇ ಕಲಿಸುತ್ತಿದ್ದರು. ಆದರೆ ಕನ್ನಡದಲ್ಲಿ ದಪ್ಪ ದಪ್ಪ ಪುಸ್ತಕ ಓದುವ ಹುಡುಗಿ ಇನ್ನು ವರ್ಷಗಟ್ಟಲೆ 'ಕ ಕಾ ಕಿ ಕೀ' ಬರೆಯುತ್ತ ಕೂಡಬೇಕು. ಗಣಿತದಲ್ಲಿ ಮುಂದಿರುವ ಮಗುವಿನ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಭಾಷೆಯಲ್ಲಿ ಮುಂದಿರುವ ಮಗು, ಅದೂ ಕನ್ನಡದಲ್ಲಿ, ಬೆಂಗಳೂರಿನ ಇಂಥ ಶಾಲೆಗಳಲ್ಲಿ ಯಾರ ಲೆಕ್ಕಕ್ಕೂ ಸಿಗುವುದಿಲ್ಲ. ಹುಬ್ಬಳ್ಳಿ, ಶಿವಮೊಗ್ಗ, ಮಂಗಳೂರು ಕಡೆಯಿಂದ ಬರುವವರು ಕನ್ನಡ ಮೊದಲ ಭಾಷೆಯಾಗಿ ಇದೆಯಾ, ಎರಡನೆಯದಾ, ಮೂರನೆಯದಾ ಅಂತ ಕೇಳುವುದನ್ನು ಮರೆಯಬೇಡಿ. ಮೂರನೆಯದು ಅಂದರೆ ಕಾಗುಣಿತ ಅಂತಲೇ ತಿಳಿಯಿರಿ. ಎರಡೂವರೆ ಸ್ಟಾರ್, ಲೈಬ್ರರಿಗೆ ಎರಡು, ಕುದುರೆಗೆ ಅರ್ಧ.

ಇನ್ನು ಪ್ರವೇಶ ಪರೀಕ್ಷೆ. ಶಿಕ್ಷಣ ಹಕ್ಕು ಕಾಯ್ದೆ 2009ರ 13ನೇ ಸೆಕ್ಷನ್ ಪ್ರಕಾರ ಒಂದರಿಂದ ಎಂಟರವರೆಗೆ ಮಗುವಿಗೂ ಪರೀಕ್ಷೆ ಮಾಡುವಂತಿಲ್ಲ, ತಂದೆ ತಾಯಿಗೂ ಸಂದರ್ಶನ ಮಾಡುವಂತಿಲ್ಲ. ಮಾಡಿದರೆ ಮೊದಲ ಸಲ 25,000 ರೂಪಾಯಿವರೆಗೆ ದಂಡ, ಆಮೇಲೆ ಪ್ರತಿ ಸಲ 50,000. ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಹಾಗಿದ್ದರೂ ನಾವು ನೋಡಿದ ಒಂದು ಶಾಲೆಯಲ್ಲಿ 'ಇಂಟರ್‌ಆ್ಯಕ್ಷನ್' ಅಂತ ಕರೆದು, ಒಳಗೆ ಕರಕೊಂಡು ಹೋಗಿ, ಪ್ರಶ್ನೆಪತ್ರಿಕೆ ಕೈಗೆ ಕೊಟ್ಟರು. ಇಂಗ್ಲಿಷ್ ವ್ಯಾಕರಣ, ಹಿಂದಿ, ಸ್ವಲ್ಪ ಲೆಕ್ಕ. ಮಗಳು ಲೆಕ್ಕ ಎಲ್ಲ ಮಾಡಿ, ಹಿಂದಿ ಖಾಲಿ ಬಿಟ್ಟು, ಪತ್ರಿಕೆ ಹಿಂದೆ ಒಂದು ಒಗಟು ಬರೆದು ಬಂದಿದ್ದಳು. ನಾಲ್ಕಕ್ಕೆ ಮತ್ತೆ ಸೇರಿಸಿ, ಬೇಸ್ ಸರಿ ಹೋಗುತ್ತೆ ಅಂತ ಹೇಳಿದರು! ಕಾನೂನು ಗೊತ್ತಿದ್ದೂ ನಾನು ಜಗಳಕ್ಕೆ ನಿಲ್ಲಲಿಲ್ಲ. ಅಂಥ ಶಾಲೆಗೆ ಕಾನೂನು ತೋರಿಸಿ ಸೀಟು ತಗೊಂಡರೆ ಆಮೇಲೆ ಅಲ್ಲಿ ಕೂಡಬೇಕಾದ್ದು ಮಗು ಅಲ್ವಾ. ಸ್ಟಾರ್ ಕೊಡುವ ಪ್ರಶ್ನೆಯೇ ಇಲ್ಲ. ಅದೇ ಕಾಯ್ದೆಯಲ್ಲಿ ವರ್ಗವಾಗಿ ಬರುವವರಿಗೆ ಇನ್ನೊಂದು ಉಪಯೋಗ ಇದೆ. ಟಿ.ಸಿ. ಬರುವುದು ತಡವಾಯಿತು ಅಂತ ಸರ್ಕಾರಿ, ಅನುದಾನಿತ ಶಾಲೆಗಳು ಪ್ರವೇಶ ನಿರಾಕರಿಸುವಂತಿಲ್ಲ. ಹಳೆ ಊರಿನಿಂದ ಟಿ.ಸಿ. ಕೈಗೆ ಬರುವವರೆಗೆ ಮಗುವನ್ನು ಮನೆಯಲ್ಲಿ ಕೂಡಿಸಿಕೊಳ್ಳಬೇಕಾಗಿಲ್ಲ.

ಸರ್ಕಾರಿ ದಾರಿಗಳನ್ನೂ ನೋಡಿದೆವು. ಕೇಂದ್ರೀಯ ವಿದ್ಯಾಲಯದಲ್ಲಿ ಕೇಂದ್ರ ಸರ್ಕಾರಿ ನೌಕರರ ಮಕ್ಕಳಿಗೆ ಮೊದಲ ಆದ್ಯತೆ, ಎರಡನೇ ಕ್ಲಾಸಿನಿಂದ ಮೇಲೆ ಸೀಟು ಖಾಲಿ ಇದ್ದರೆ ಮಾತ್ರ. ಖಾಲಿ ಇರಲಿಲ್ಲ, ಮುಗಿಯಿತು. ವಿಜಯಪುರ, ಕೊಡಗಿನ ಸೈನಿಕ ಶಾಲೆಗಳಿಗೆ ಆರನೇ ಕ್ಲಾಸಿಗೆ ಪರೀಕ್ಷೆ ಇರುತ್ತೆ, ಆದರೆ ನನ್ನ ಮಗಳನ್ನು ಬೆಳಗ್ಗೆ ಡ್ರಿಲ್‌ಗೆ ಎಬ್ಬಿಸುವ ಧೈರ್ಯ ನನಗಿಲ್ಲ.

ನವೋದಯದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನಮ್ಮ ದೇಶದಲ್ಲಿ ಚುರುಕು ಮಕ್ಕಳನ್ನು ಪರೀಕ್ಷೆ ಮಾಡಿ ಆರಿಸಿ, ಊಟ ವಸತಿ ಎಲ್ಲ ಉಚಿತವಾಗಿ ಕೊಟ್ಟು ಓದಿಸುವ ಸರ್ಕಾರಿ ವ್ಯವಸ್ಥೆ ಅಂದರೆ ಇದೇ. ಐದನೇ ಕ್ಲಾಸಲ್ಲಿರುವಾಗ ಪರೀಕ್ಷೆ, ಆರಕ್ಕೆ ಪ್ರವೇಶ. ಎರಡು ಗಂಟೆ, 80 ಪ್ರಶ್ನೆ, 100 ಅಂಕ. ಅದರಲ್ಲಿ ಅರ್ಧ ಅಂಕ ಮಾನಸಿಕ ಸಾಮರ್ಥ್ಯಕ್ಕೆ, ಬರೀ ಚಿತ್ರಗಳ ಪ್ರಶ್ನೆ. ಉಳಿದರ್ಧ ಲೆಕ್ಕ ಮತ್ತು ಭಾಷೆ. ಕನ್ನಡದಲ್ಲೇ ಬರೆಯಬಹುದು, ಒಂದೇ ಅವಕಾಶ. ಊರು ಬದಲಿಸುವವರು ನೋಡಬೇಕಾದ್ದು ಜಿಲ್ಲೆಯ ನಿಯಮ. ಮಗು ಐದನೇ ಕ್ಲಾಸನ್ನು ಯಾವ ಜಿಲ್ಲೆಯಲ್ಲಿ ಓದುತ್ತದೋ, ಎಲ್ಲಿ ವಾಸ ಇದೆಯೋ, ಅದೇ ಜಿಲ್ಲೆಯ ನವೋದಯಕ್ಕೆ ಮಾತ್ರ ಅರ್ಜಿ. ಕನಿಷ್ಠ ಶೇ. 75 ಸೀಟು ಹಳ್ಳಿ ಮಕ್ಕಳಿಗೆ. ಹಳ್ಳಿಯ ಮಗು ಅನ್ನಿಸಿಕೊಳ್ಳಲು ಮೂರು, ನಾಲ್ಕು, ಐದನೇ ಕ್ಲಾಸನ್ನು ಹಳ್ಳಿಯ ಶಾಲೆಯಲ್ಲೇ ಓದಿರಬೇಕು. ಹಾಗಾಗಿ ಹಳ್ಳಿಯಲ್ಲಿ ಓದುತ್ತಿರುವ ಚುರುಕು ಮಗುವನ್ನು 'ಬೆಂಗಳೂರಲ್ಲಿ ಒಳ್ಳೆ ಶಾಲೆ ಇದೆ' ಅಂತ ಐದನೇ ಕ್ಲಾಸಿಗೆ ಎತ್ತಿಕೊಂಡು ಬಂದರೆ ಆ ಬಾಗಿಲು ಮುಚ್ಚಿದ ಹಾಗೆಯೇ. ವರ್ಗವನ್ನು ಒಂದು ವರ್ಷ ಮುಂದೆ ಹಾಕಲು ಆಗುವುದಾದರೆ, ಅಥವಾ ಮಗುವನ್ನು ಅಜ್ಜಿ ಮನೆಯಲ್ಲಿ ಬಿಡಲು ಆಗುವುದಾದರೆ, ಯೋಚನೆ ಮಾಡಿ. ನಮಗೆ ಇದು ಹೊಂದಲಿಲ್ಲ. ನಮ್ಮದು ಧಾರವಾಡ ಪೇಟೆಯ ಶಾಲೆ, ಮೇಲಾಗಿ ಹಾಸ್ಟೆಲ್ ಅಂದರೆ ಮಗಳು ಊಟ ಬಿಡುತ್ತಾಳೆ.

ಕೊನೆಗೆ ಸೇರಿಸಿದ್ದು ಮನೆಯಿಂದ ನಡೆದು ಹೋಗುವಷ್ಟು ಹತ್ತಿರದ, ಒಂದು ಹಳೆ ಟ್ರಸ್ಟ್ ನಡೆಸುವ ಸ್ಟೇಟ್ ಸಿಲಬಸ್ ಶಾಲೆಗೆ. ಇಂಗ್ಲಿಷ್ ಮೀಡಿಯಂ, ಮೊದಲ ಭಾಷೆ ಕನ್ನಡ. ಬಿಲ್ಡಿಂಗ್‌ಗೆ ಸುಣ್ಣ ಹೊಡೆದು ಎಷ್ಟು ವರ್ಷವಾಯಿತೋ. ನನ್ನ ಪ್ರಶ್ನೆಗೆ ಹೆಡ್ ಮಿಸ್ ತಕ್ಷಣ ಉತ್ತರ ಕೊಡಲಿಲ್ಲ. "ನಮ್ಮಲ್ಲಿ ಒಂದು ಕ್ಲಾಸಿಗೆ ಐವತ್ತರ ಹತ್ತಿರ ಮಕ್ಕಳಿದ್ದಾರಮ್ಮ. ನಿಜ ಹೇಳಬೇಕಂದ್ರೆ, ಬೇಗ ಮುಗಿಸಿದವರು ಪಕ್ಕದವರಿಗೆ ತೊಂದ್ರೆ ಕೊಡ್ತಾರೆ" ಅಂದರು. ಆಮೇಲೆ ಮಗಳನ್ನು ಪಕ್ಕದಲ್ಲಿ ಕೂಡಿಸಿಕೊಂಡು, "ನಿಂಗೆ ಈಗ ಏನು ಕಲಿಯೋಕೆ ಆಸೆ?" ಅಂತ ಕೇಳಿದರು. ಅವಳು ಸೊನ್ನೆಗಿಂತ ಕಡಿಮೆ ಸಂಖ್ಯೆಗಳನ್ನು ಗುಣಿಸಿದರೆ ಹೆಚ್ಚು ಯಾಕೆ ಆಗುತ್ತೆ ಅಂತ ಕೇಳಿದಳು. ಹೆಡ್ ಮಿಸ್ ಮೂಲತಃ ಸಮಾಜ ವಿಜ್ಞಾನದವರು. "ನಂಗೂ ಮರೆತು ಹೋಗಿದೆ, ಏಳನೇ ಕ್ಲಾಸಿನ ಸರ್ ಹತ್ರ ಕೇಳೋಣ ಬಾ" ಅಂತ ಕೈ ಹಿಡಿದು ಕರಕೊಂಡು ಹೋದರು. ನಾನು ಅಷ್ಟು ದಿನ ನೋಡಿದ್ದರಲ್ಲಿ ಮಗುವಿನ ಜೊತೆ ಮಾತಾಡಿದವರು ಇವರೊಬ್ಬರೇ. ಉಳಿದವರೆಲ್ಲ ನನ್ನ ಜೊತೆ ಮಾತಾಡಿದ್ದು.

ಡಬಲ್ ಪ್ರಮೋಷನ್ ಕೊಡಿ ಅಂತ ಯಜಮಾನರು ಕೇಳಿದ್ದರು. ಹೆಡ್ ಮಿಸ್ ಒಪ್ಪಲಿಲ್ಲ. ಲೆಕ್ಕದಲ್ಲಿ ಏಳನೇ ಕ್ಲಾಸಿನಷ್ಟು, ಅಕ್ಷರದಲ್ಲಿ ಮೂರನೇ ಕ್ಲಾಸಿನಷ್ಟು, ಆಟಕ್ಕೆ ಅವಳ ವಯಸ್ಸಿನಷ್ಟೇ ಇರುವ ಮಗುವನ್ನು ಯಾವ ಕ್ಲಾಸಿಗೆ ಹಾಕಲಿ ಅಂತ ಕೇಳಿದರು, ನಮ್ಮ ಹತ್ತಿರ ಉತ್ತರ ಇರಲಿಲ್ಲ. ಅದರ ಬದಲು ಅವರು ಮಾಡಿದ್ದು ಇಷ್ಟು: ಟೈಮ್‌ಟೇಬಲ್ ತೆಗೆದು, ಐದರ ಗಣಿತದ ಹೊತ್ತಿಗೆ ಏಳರ ಗಣಿತ ಬರುವ ದಿನಗಳಲ್ಲಿ ಅವಳನ್ನು ಅಲ್ಲಿಗೆ ಕಳಿಸುವುದು. ಉಳಿದೆಲ್ಲ ಪಾಠ, ಊಟ, ಆಟ, ಪರೀಕ್ಷೆ ಐದರಲ್ಲೇ. ಏಳರಲ್ಲಿ ಪೂರ್ಣಾಂಕ, ಸರಳ ಸಮೀಕರಣ ಬರುತ್ತವೆ, ಅವಳಿಗೆ ಹಬ್ಬ. ಇದಕ್ಕೆ ಒಂದು ಪೈಸೆ ಹೆಚ್ಚು ಫೀಸ್ ಇಲ್ಲ, ಯಾವ ಸ್ಪೆಷಲ್ ಪ್ರೋಗ್ರಾಂ ಇಲ್ಲ, ಹೆಸರೂ ಇಟ್ಟಿಲ್ಲ. ಕಾರಿಡಾರ್‌ನಲ್ಲಿ ಹತ್ತು ಹೆಜ್ಜೆ ನಡೆಯಬೇಕು ಅಷ್ಟೇ. ಲಕ್ಷಗಟ್ಟಲೆ ತಗೊಳ್ಳುವ ಶಾಲೆಗಳಿಗೆ ಇದು ಯಾಕೆ ಹೊಳೆಯುವುದಿಲ್ಲ ಅಂತ ನನಗೆ ಇವತ್ತಿಗೂ ಅರ್ಥ ಆಗಿಲ್ಲ.

ಈಗ ದೂರುಗಳು. ಏಳರ ಸರ್ ಒಳ್ಳೆಯವರು, ಆದರೆ ಶುರುವಿನಲ್ಲಿ ಮಗಳನ್ನು ಕೋಲಿನ ಹಾಗೆ ಬಳಸಿದರು. "ನೋಡ್ರೋ, ಐದನೇ ಕ್ಲಾಸಿನವಳು ಮಾಡಿದಳು, ನಿಮಗೆ ನಾಚಿಕೆ ಆಗಲ್ವಾ?" ದೊಡ್ಡ ಹುಡುಗರು ಅವಳನ್ನು ದುರುಗುಟ್ಟಿ ನೋಡತೊಡಗಿದರು, ಅವಳು ಕೈ ಎತ್ತುವುದನ್ನೇ ಬಿಟ್ಟಳು. ನಾನು ಹೋಗಿ ಹೇಳಿದ ಮೇಲೆ ಕಡಿಮೆಯಾಯಿತು, ಪೂರ್ತಿ ನಿಂತಿಲ್ಲ. ಲೈಬ್ರರಿ ಅಂದರೆ ಒಂದು ಬೀರು, ಅದಕ್ಕೆ ಬೀಗ, ಬೀಗದ ಕೈ ಪಿ.ಟಿ. ಸರ್ ಹತ್ತಿರ, ಪಿ.ಟಿ. ಸರ್ ಗ್ರೌಂಡ್‌ನಲ್ಲಿ. ಪ್ರಾಜೆಕ್ಟ್ ಅಂದರೆ ಇವತ್ತಿಗೂ ಥರ್ಮಕೋಲ್ ಮನೆ, ಅದನ್ನು ರಾತ್ರಿ ಕೂತು ಮಾಡುವವರು ನಾವು. ಸಮಾಜ ವಿಜ್ಞಾನದ ಪ್ರಶ್ನೋತ್ತರ ಕಾಪಿ ಬರೆಸುತ್ತಾರೆ, ಅದೂ ಎರಡೆರಡು ಸಲ. ಎಫ್‌ಎ ಅನ್ನುವ ಕಿರು ಪರೀಕ್ಷೆಯಲ್ಲಿ ಐದನೇ ಕ್ಲಾಸಿನ ಗಣಿತದಲ್ಲೇ ಅವಳಿಗೆ ಅಂಕ ಕಡಿಮೆ ಬಂತು, ಉತ್ತರ ಸರಿ, ಸ್ಟೆಪ್ಸ್ ಬರೆದಿಲ್ಲ ಅಂತ. ಇದನ್ನು ನೋಡಿ ನಮ್ಮತ್ತೆ, "ಏಳನೆತ್ತೇಕ್ಕ ಹೋಗಿ ಐದನೆತ್ತೇದಾಗ ಕಡಿಮಿ ತಗೊಂಡ್ಲಾ?" ಅಂತ ಫೋನಿನಲ್ಲಿ ನಕ್ಕಿದ್ದೇ ನಕ್ಕಿದ್ದು. ವರ್ಷದ ಮಧ್ಯೆ ಇಂಗ್ಲಿಷ್ ಮಿಸ್ ಬಿಟ್ಟು ಹೋದರು, ಹೊಸಬರು ಬರುವವರೆಗೆ ಆ ಪೀರಿಯಡ್‌ನಲ್ಲಿ ಮಕ್ಕಳು ಗಲಾಟೆ ಮಾಡಿದ್ದೇ ಪಾಠ.

ಭಾಷೆಯ ವಿಷಯದಲ್ಲಿ ಬೇರೆ ಥರದ ತೊಂದರೆ ಬಂತು, ಇದನ್ನು ಯಾವ ಶಾಲೆಯ ಬ್ರೋಷರ್‌ನಲ್ಲೂ ಬರೆದಿರುವುದಿಲ್ಲ. ಅವಳ ಧಾರವಾಡದ ಮಾತು ಕೇಳಿ ಕ್ಲಾಸಿನವರು ನಗುತ್ತಿದ್ದರು. "ಕುಂದರ್ತೀನಿ" ಅಂದರೆ ಹಿಂದಿನ ಬೆಂಚಿನವರು ಅದನ್ನೇ ಹಾಡುತ್ತಿದ್ದರು. ಚುರುಕು ಮಗು ಅಂತ ನಾವು ಅದರ ಲೆಕ್ಕ, ಓದು ಮಾತ್ರ ನೋಡುತ್ತೇವೆ. ಇಂಥ ಮಕ್ಕಳಿಗೆ ಸಣ್ಣ ಮಾತೂ ಜಾಸ್ತಿ ನಾಟುತ್ತೆ, ಹೊಸ ಊರಲ್ಲಂತೂ ಇನ್ನೂ ಹೆಚ್ಚು. ಕೆಲವು ವಾರ ಅವಳು ಶಾಲೆಯಲ್ಲಿ ಬಾಯೇ ಬಿಡಲಿಲ್ಲ, ಮನೆಗೆ ಬಂದು ಬೆಂಗಳೂರು ಕನ್ನಡ ಪ್ರಾಕ್ಟೀಸ್ ಮಾಡುತ್ತಿದ್ದಳು. ಕನ್ನಡ ಮಿಸ್ ಮಂಡ್ಯ ಕಡೆಯವರು. ಅವರು ಯಾರಿಗೂ ಬೈಯಲಿಲ್ಲ. ವಾರ್ಷಿಕೋತ್ಸವದ ನಾಟಕದಲ್ಲಿ ಇವಳಿಗೆ ಧಾರವಾಡದ ಅಜ್ಜಿ ಪಾತ್ರ ಕೊಟ್ಟು, ಮಾತುಗಳನ್ನೂ ನೀನೇ ಬರಿ ಅಂತ ಬಿಟ್ಟರು. ಇಡೀ ಸಭೆ ನಕ್ಕಿತು, ಈ ಸಲ ಅವಳು ನಗಿಸಿದ್ದಕ್ಕೆ. ಆಮೇಲೆ ಹಿಂದಿನ ಬೆಂಚಿನವರೇ ಅವಳ ಜೊತೆ ಡಬ್ಬಿ ಹಂಚಿಕೊಂಡು ತಿನ್ನತೊಡಗಿದರು.

ನಡೆದು ಹೋಗುವ ದೂರ ಅಂದೆನಲ್ಲ, ಅದಕ್ಕೆ ಒಂದು ಪೂರ್ತಿ ಸ್ಟಾರ್ ಕೊಡುತ್ತೇನೆ. ಕನಕಪುರ ರಸ್ತೆಯ ಶಾಲೆಗೆ ಹಾಕಿದ ಪಕ್ಕದ ಮನೆಯವರ ಮಗ ಕತ್ತಲು ಹರಿಯುವ ಮುಂಚೆ ವ್ಯಾನ್ ಹತ್ತಿ, ಸಂಜೆ ಟ್ರಾಫಿಕ್‌ನಲ್ಲಿ ನಿದ್ದೆ ಮಾಡುತ್ತ ಇಳಿಯುತ್ತಾನೆ. ನನ್ನ ಮಗಳಿಗೆ ಆ ಹೊತ್ತು ಮನೆಯಲ್ಲಿ ಸಿಗುತ್ತೆ. ಅದರಲ್ಲಿ ಓದುತ್ತಾಳೆ, ಏನೇನೋ ಬಿಚ್ಚಿ ಜೋಡಿಸುತ್ತಾಳೆ, ಕೆಲವು ಸಲ ಸುಮ್ನೆ ಛಾವಣಿ ನೋಡುತ್ತ ಮಲಗಿರುತ್ತಾಳೆ. ಮೊದಲು ಇದು ನೋಡಿ ಮೈ ಉರಿಯುತ್ತಿತ್ತು, ಈಗ ಬಿಟ್ಟಿದ್ದೇನೆ. ಉಳಿದ ಫೀಸ್ ದುಡ್ಡಲ್ಲಿ ಪುಸ್ತಕ ತರುತ್ತೇವೆ. ಇಂಟರ್‌ನ್ಯಾಷನಲ್‌ನ ಒಂದು ಟರ್ಮ್ ಫೀಸಿನಲ್ಲಿ ಇಲ್ಲಿ ವರ್ಷ ಮುಗಿದು ಪುಸ್ತಕದ ಕಪಾಟಿಗೂ ಉಳಿಯಿತು.

ಶಾಲೆಯಲ್ಲಿ ಸಿಗದ್ದನ್ನು ಬೆಂಗಳೂರು ಹೊರಗೆ ಕೊಡುತ್ತೆ, ಆ ವಿಷಯದಲ್ಲಿ ಊರಿಗೆ ಪೂರ್ತಿ ಮಾರ್ಕ್ಸ್. ಟಿ. ಚೌಡಯ್ಯ ರಸ್ತೆಯ ನೆಹರೂ ತಾರಾಲಯ 1989ರಿಂದ ಇದೆ, ನಾವೆಲ್ಲ ಶಾಲಾ ಪ್ರವಾಸದಲ್ಲಿ ಬಂದು ಆಕಾಶ ನೋಡಿ ಐಸ್‌ಕ್ರೀಮ್ ತಿಂದು ಹೋದವರು. ಆದರೆ ಅಲ್ಲಿ ಶಾಲಾ ಮಕ್ಕಳಿಗೆ ವಾರಾಂತ್ಯದಲ್ಲಿ ವಿಜ್ಞಾನದ ತರಗತಿಗಳು, ಬೇಸಿಗೆ ಶಿಬಿರ ನಡೆಯುತ್ತವೆ ಅಂತ ಊರ ಹೊರಗಿನವರಿಗೆ ಗೊತ್ತಿರುವುದಿಲ್ಲ. ಸೀಟು ಬೇಗ ತುಂಬುತ್ತೆ, ಮೊದಲೇ ವಿಚಾರಿಸಿ. ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ಒಂದು ದಿನಕ್ಕೆ ಮುಗಿಯುವುದಲ್ಲ. ಮಗಳು ಎಂಜಿನ್ ಹಾಲ್‌ನಲ್ಲಿ ಒಂದೇ ಮಾದರಿಯ ಗುಂಡಿ ಒತ್ತುತ್ತ ನಿಂತರೆ ಹಿಂದಿನವರು ಗೊಣಗುತ್ತಾರೆ, ಅದಕ್ಕೆ ಭಾನುವಾರ ಬಿಟ್ಟು ಬೇರೆ ದಿನ ಹೋಗುವುದು ಒಳ್ಳೆಯದು. ಬನಶಂಕರಿಯಿಂದ ಹಸಿರು ಮೆಟ್ರೋ ಹತ್ತಿ ಮೆಜೆಸ್ಟಿಕ್‌ನಲ್ಲಿ ನೇರಳೆಗೆ ಬದಲಿಸಿ ಕಬ್ಬನ್ ಪಾರ್ಕ್‌ನಲ್ಲಿ ಇಳಿದರೆ ನಡೆಯುವ ದೂರ. ಪಾರ್ಕ್ ಒಳಗಿನ ಕೆಂಪು ಬಣ್ಣದ ಕೇಂದ್ರ ಗ್ರಂಥಾಲಯ ತೋರಿಸಿದಾಗ ಅವಳು ಕೇಳಿದ್ದು, "ಇದಕ್ಕ ಬೀಗ ಹಾಕಂಗಿಲ್ಲೇನು?"

ಒಟ್ಟು ಮೂರೂವರೆ ಸ್ಟಾರ್ ಕೊಡುತ್ತೇನೆ ನಮ್ಮ ಶಾಲೆಗೆ. ಬೀರುವಿನ ಬೀಗ ತೆಗೆದರೆ ನಾಲ್ಕು. ಮುಂದಿನ ವರ್ಷ ಆರಕ್ಕೆ ಹೋದಾಗ ಎಂಟರ ಗಣಿತಕ್ಕೆ ಕಳಿಸಬೇಕು, ಅದು ಹೈಸ್ಕೂಲ್ ಬಿಲ್ಡಿಂಗ್, ರಸ್ತೆ ಆಚೆ, ಟೈಮಿಂಗ್ ಬೇರೆ. ಹೆಡ್ ಮಿಸ್ ನೋಡೋಣ ಅಂದಿದ್ದಾರೆ. ಅವರಿಗೆ ನಿವೃತ್ತಿಯೂ ಹತ್ತಿರದಲ್ಲಿದೆ ಅಂತ ಸುದ್ದಿ. ಹೊಸಬರು ಬಂದರೆ ಈ ವ್ಯವಸ್ಥೆ ಇರುತ್ತೋ ಇಲ್ಲವೋ ಗೊತ್ತಿಲ್ಲ, ಎಲ್ಲೂ ಬರೆದಿಟ್ಟದ್ದಲ್ಲ. ಅದಕ್ಕೆ ಈ ವರ್ಷ ಮುಗಿಯುವ ಮುಂಚೆ ಒಂದು ಅರ್ಜಿ ಬರೆದು, ಅವರ ಸಹಿ ಹಾಕಿಸಿ, ಮಗಳ ಫೈಲಿನಲ್ಲಿ ಇಡಿಸಬೇಕು ಅಂತ ಮಾಡಿದ್ದೇನೆ.